ಒಂದೇ ರಸ್ತೆಯಲ್ಲಿ ಎರಡು ಮೆರವಣಿಗೆ: ದಕ್ಷಿಣ ಕೊಡಗಿನ ಒಂದು ಬಂದೋಬಸ್ತಿನ ಅನುಭವ

ಒಂದೇ ಭಾನುವಾರಕ್ಕೆ, ಒಂದೇ ಮುಖ್ಯರಸ್ತೆಗೆ, ಮೆರವಣಿಗೆಯ ಅನುಮತಿ ಕೋರಿ ಎರಡು ಅರ್ಜಿಗಳು ನಮ್ಮ ಠಾಣೆಗೆ ಬಂದಿದ್ದವು. ಮೊದಲನೆಯದು, ಕಾಫಿ ತೋಟಗಳಿಗೆ ಅಸ್ಸಾಂ ಮತ್ತು ಪಶ್ಚಿಮ ಬಂಗಾಳದವರೆಂದು ಹೇಳಿಕೊಂಡು ಬಂದಿರುವ ಕಾರ್ಮಿಕರಲ್ಲಿ ಬಾಂಗ್ಲಾದೇಶದಿಂದ ನುಸುಳಿದವರೂ ಸೇರಿದ್ದಾರೆ, ಅವರನ್ನು ಪತ್ತೆ ಹಚ್ಚಿ ದೇಶದಿಂದ ಹೊರಗೆ ಕಳುಹಿಸಬೇಕು ಎಂದು ಒತ್ತಾಯಿಸುವ ಸಂಘಟನೆಗಳದು. ಎರಡನೆಯದು, ದಾಖಲೆ ಪರಿಶೀಲನೆಯ ಹೆಸರಿನಲ್ಲಿ ಈ ದೇಶದ ಪ್ರಜೆಗಳೇ ಆದ ಬಡ ಕೂಲಿಗಳನ್ನು ಭಾಷೆ ಮತ್ತು ಧರ್ಮ ನೋಡಿ ಕಾಡಿಸಲಾಗುತ್ತಿದೆ ಎಂದು ಆಕ್ಷೇಪಿಸುವ ಕಾರ್ಮಿಕ ಸಂಘಟನೆಗಳು, ಕೆಲವು ವಕೀಲರು ಮತ್ತು ಅವರ ಜೊತೆ ನಿಂತ ಬೆರಳೆಣಿಕೆಯ ಬೆಳೆಗಾರರದು. ಎರಡರಲ್ಲಿಯೂ ಹೊರಡುವ ವೇಳೆ ಬೆಳಿಗ್ಗೆ ಹನ್ನೊಂದು ಗಂಟೆ ಎಂದೇ ಬರೆದಿತ್ತು. ನಾನು ಆಗ ಆ ಪೊಲೀಸ್ ವೃತ್ತದ ನಿರೀಕ್ಷಕನಾಗಿದ್ದೆ. ಈಗ ನಿವೃತ್ತನಾಗಿರುವುದರಿಂದ ಆ ಬಂದೋಬಸ್ತು ಹೇಗೆ ನಡೆಯಿತೆಂಬುದನ್ನು ಬರೆಯಲು ಅಡ್ಡಿಯಿಲ್ಲ. ಊರಿನ ಹೆಸರನ್ನೂ ಸಂಘಟನೆಗಳ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ರೋಬಸ್ಟಾ ಕಾಫಿಯ ಕೊಯ್ಲು ಭರದಿಂದ ಸಾಗಿದ್ದ ಕಾಲವದು. ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು, ಆದರೆ ಹಣ್ಣು ಗಿಡದಲ್ಲೇ ಒಣಗಿ ಉದುರುವ ಮೊದಲು ಕುಯ್ಯಿಸಲು ಆಳು ಸಿಗುತ್ತಿರಲಿಲ್ಲ. ಹಿಂದೆ ಹುಣಸೂರು, ಹೆಗ್ಗಡದೇವನಕೋಟೆಯ ಕಡೆಯಿಂದಲೂ ತಮಿಳುನಾಡಿನಿಂದಲೂ ಬಂದು ತೋಟಗಳಲ್ಲಿ ದುಡಿಯುತ್ತಿದ್ದವರ ಮಕ್ಕಳು ಬೇರೆ ಕೆಲಸ ಹಿಡಿದ ಮೇಲೆ, ಅಸ್ಸಾಮಿನ ಧುಬ್ರಿ, ನಗಾಂವ್ ಮುಂತಾದ ಜಿಲ್ಲೆಗಳವರು ಮೇಸ್ತ್ರಿಗಳ ಮೂಲಕ ಬಂದು ಲೈನ್‌ಮನೆಗಳನ್ನು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳನ್ನು, ತುಂಬಿದ್ದರು. ತೋಟದ ಸಾಹುಕಾರರಿಗೆ ಅವರು ಬೇಕು, ಊರಿನ ಹಲವರಿಗೆ ಅವರ ಬಗ್ಗೆ ಅನುಮಾನ; ಒಬ್ಬನೇ ಮನುಷ್ಯ ಬೆಳಿಗ್ಗೆ ತನ್ನ ತೋಟಕ್ಕೆ ಅವರನ್ನು ಜೀಪಿನಲ್ಲಿ ಕರೆತಂದು, ಸಂಜೆ ಅವರನ್ನು ಓಡಿಸಬೇಕೆಂಬ ಸಭೆಯಲ್ಲಿ ಕುಳಿತಿರುವುದನ್ನೂ ನಾನು ನೋಡಿದ್ದೇನೆ. ಅದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸಲಿಲ್ಲ. ಕೆಲಸಕ್ಕೆ ಆಳು ಬೇಕೆಂಬುದೂ ನಿಜ, ಯಾರು ಎಲ್ಲಿಂದ ಬಂದರೆಂಬ ಲೆಕ್ಕ ಯಾರ ಬಳಿಯೂ ಸರಿಯಾಗಿಲ್ಲವೆಂಬ ಅಳುಕೂ ನಿಜ.

ಎರಡೂ ಅರ್ಜಿಗಳನ್ನು ತಿರಸ್ಕರಿಸಿ, ಊರಿಗೆ ನಿಷೇಧಾಜ್ಞೆ ಹಾಕಿಸಿ ಕೈತೊಳೆದುಕೊಳ್ಳಬಹುದಿತ್ತು. ಅಂತಹ ಸಲಹೆ ಬರದೆಯೂ ಇರಲಿಲ್ಲ. 2022ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯನವರ ಕಾರಿನ ಮೇಲೆ ಕೊಡಗಿನಲ್ಲಿ ಮೊಟ್ಟೆ ಎಸೆದ ಪ್ರಕರಣದ ನಂತರ ಕಾಂಗ್ರೆಸ್ ಮತ್ತು ಬಿಜೆಪಿ ಒಂದೇ ದಿನ, ಅಂದರೆ 26ರಂದು, ಮಡಿಕೇರಿಯಲ್ಲಿ ಸೇರುವುದಾಗಿ ಘೋಷಿಸಿದಾಗ ಜಿಲ್ಲಾಡಳಿತ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ನಿನ ನಿಷೇಧಾಜ್ಞೆ ಜಾರಿಗೊಳಿಸಿತು, ಎರಡೂ ಪಕ್ಷಗಳು ಕಾರ್ಯಕ್ರಮ ಕೈಬಿಟ್ಟವು. ಅದಕ್ಕೂ ಮೊದಲು, 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಎರಡು ಗುಂಪುಗಳು ಎದುರುಬದುರಾದದ್ದು ಏನಾಯಿತೆಂಬುದು ಈ ಜಿಲ್ಲೆಯಲ್ಲಿ ಕೆಲಸ ಮಾಡಿದ ಯಾವ ಪೊಲೀಸನೂ ಮರೆಯುವಂಥದ್ದಲ್ಲ. ಆದರೂ ನಿಷೇಧಾಜ್ಞೆ ಮೊದಲ ಉತ್ತರವಾಗಬಾರದೆಂಬುದು ನನ್ನ ಅಭಿಪ್ರಾಯವಾಗಿತ್ತು. ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳ ಹೊತ್ತಿಗೆ ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬದ್ಧವಾಗಿರಲಿಲ್ಲವೆಂದು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿದೆ. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಈ ಅಧಿಕಾರವನ್ನು ಅಭಿಪ್ರಾಯಗಳ ನ್ಯಾಯಯುತ ಅಭಿವ್ಯಕ್ತಿಯನ್ನು ಹತ್ತಿಕ್ಕಲು ಬಳಸುವಂತಿಲ್ಲ ಎಂದು ತಿಳಿಸಿದೆ. 2024ರ ಜುಲೈ 1ರಿಂದ 144 ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಬಂದಿದೆ, ನಂಬರು ಬದಲಾದರೂ ಕಟ್ಟುಪಾಡು ಬದಲಾಗಿಲ್ಲ. ಇದನ್ನೆಲ್ಲ ಬರೆದು, ಷರತ್ತುಗಳೊಂದಿಗೆ ಇಬ್ಬರಿಗೂ ಅನುಮತಿ ಕೊಡಬಹುದೆಂದು ಡಿವೈಎಸ್‌ಪಿಯವರ ಮೂಲಕ ವರದಿ ಕಳುಹಿಸಿದೆ. ಮೇಲಿನವರು ಒಪ್ಪಿದರು, ಆದರೆ ದಿನ ಕೆಟ್ಟರೆ ಆ ವರದಿಯನ್ನೇ ನನ್ನ ಮುಂದೆ ಹಿಡಿಯುತ್ತಾರೆಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಬಯಲುಸೀಮೆಯ ಊರುಗಳಲ್ಲಿ ಇಂತಹ ಸಂದರ್ಭದಲ್ಲಿ ಒಂದು ಗುಂಪಿಗೆ ಪೂರ್ವದ ಬೀದಿ, ಇನ್ನೊಂದಕ್ಕೆ ಪಶ್ಚಿಮದ ಬೀದಿ ಎಂದು ಹಂಚಿ ನಡುವೆ ಬ್ಯಾರಿಕೇಡ್ ನಿಲ್ಲಿಸುತ್ತಾರೆ. ಕೊಡಗಿನ ಸಂತೆಯೂರುಗಳಲ್ಲಿ ಆ ಸೌಲಭ್ಯವಿಲ್ಲ. ಒಂದು ಉದ್ದನೆಯ ರಸ್ತೆ, ಅದರ ಎರಡು ಬದಿಗೆ ಅಂಗಡಿಗಳು, ಅಂಗಡಿಗಳ ಬೆನ್ನಿಗೆ ಇಳಿಜಾರು ಅಥವಾ ಕಾಫಿ ತೋಟ. ಅದೇ ರಸ್ತೆಯಲ್ಲಿ ಮೈಸೂರಿನ ಬಸ್ಸೂ ಬರಬೇಕು, ಕೇರಳಕ್ಕೆ ಹೋಗುವ ಲಾರಿಯೂ ಹೋಗಬೇಕು, ಆಂಬುಲೆನ್ಸೂ ಓಡಬೇಕು. ಜಾಗದಲ್ಲಿ ಬೇರ್ಪಡಿಸಲಾಗದವರನ್ನು ವೇಳೆಯಲ್ಲಿ ಬೇರ್ಪಡಿಸಬೇಕು. ಜೊತೆಗೆ, ಜನ ಚದುರಿದರೂ ಬಯಲಿನಲ್ಲಿ ಕಾಣುವಂತೆ ಇಲ್ಲಿ ಕಾಣುವುದಿಲ್ಲ: ಹತ್ತು ಹೆಜ್ಜೆ ತೋಟದೊಳಕ್ಕೆ ಇಳಿದರೆ ಮನುಷ್ಯ ಕಣ್ಮರೆ, ಇನ್ನೊಂದು ಕಾಲುದಾರಿಯಲ್ಲಿ ಅರ್ಧ ಗಂಟೆಯೊಳಗೆ ಅದೇ ರಸ್ತೆಗೆ ಏರಿ ಬರುತ್ತಾನೆ.

ಶಾಂತಿ ಸಭೆಯನ್ನು ಠಾಣೆಯಲ್ಲಿ ಮಾಡದೆ ತಹಶೀಲ್ದಾರರ ಅಧ್ಯಕ್ಷತೆಯಲ್ಲಿ ಪಂಚಾಯಿತಿಯ ಸಭಾಂಗಣದಲ್ಲಿ ಕರೆದೆವು. ಠಾಣೆಗೆ ಕರೆದರೆ ಮುಖಂಡರು ಆರೋಪಿಗಳಂತೆ ಕುಳಿತು ಎಲ್ಲದಕ್ಕೂ ಹೂಂ ಎನ್ನುತ್ತಾರೆ, ಹೊರಗೆ ಹೋಗಿ ತಮ್ಮವರಿಗೆ ಬೇರೆಯೇ ಹೇಳುತ್ತಾರೆ. ಎರಡೂ ಕಡೆಯ ಮುಖಂಡರು, ಪಂಚಾಯಿತಿ ಅಧ್ಯಕ್ಷರು, ವರ್ತಕರ ಸಂಘದವರು, ದೇವಸ್ಥಾನ ಮತ್ತು ಮಸೀದಿ ಸಮಿತಿಯವರು, ಬೆಳೆಗಾರರ ಪ್ರತಿನಿಧಿಗಳು, ಜೀಪು ಚಾಲಕರು ಎಲ್ಲರೂ ಬಂದಿದ್ದರು. ಮೊದಲ ಮುಕ್ಕಾಲು ಗಂಟೆ ನುಸುಳುಕೋರರಿದ್ದಾರೋ ಇಲ್ಲವೋ ಎಂಬ ವಾದದಲ್ಲೇ ಕಳೆಯಿತು. ಅಸ್ಸಾಮಿನ ರಾಷ್ಟ್ರೀಯ ಪೌರ ನೋಂದಣಿಯ (ಎನ್‌ಆರ್‌ಸಿ) ಅಂತಿಮ ಪಟ್ಟಿ 2019ರ ಆಗಸ್ಟ್ 31ರಂದು ಪ್ರಕಟವಾದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರೆಂಬುದನ್ನು ಒಬ್ಬರು ನುಸುಳುವಿಕೆಗೆ ಸಾಕ್ಷಿಯಾಗಿ ಮುಂದಿಟ್ಟರು, ಅದೇ ಸಂಖ್ಯೆಯನ್ನು ಇನ್ನೊಬ್ಬರು ಪಟ್ಟಿಯೇ ದೋಷಪೂರಿತವೆಂಬುದಕ್ಕೆ ಸಾಕ್ಷಿಯಾಗಿ ಮುಂದಿಟ್ಟರು. ತಹಶೀಲ್ದಾರರು ತಾಳ್ಮೆಯಿಂದ ಕೇಳಿಸಿಕೊಂಡು, "ಈ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರ ಈ ಕೋಣೆಯಲ್ಲಿ ಯಾರಿಗೂ ಇಲ್ಲ, ಭಾನುವಾರ ಯಾರು ಎಷ್ಟು ಹೊತ್ತಿಗೆ ಹೊರಡಬೇಕೆಂಬುದನ್ನು ಮಾತ್ರ ಇಲ್ಲಿ ತೀರ್ಮಾನಿಸಬಹುದು" ಎಂದರು.

ನಿಜವಾದ ಜಗಳ ಶುರುವಾದದ್ದು ಆಗ. ಇಬ್ಬರಿಗೂ ಬೆಳಿಗ್ಗೆಯೇ ಬೇಕು, ಏಕೆಂದರೆ ಬೆಳಗಿನ ಸುದ್ದಿ ಟಿವಿಯವರಿಗೆ ಸಿಗುತ್ತದೆ, ಸಂಜೆಯದು ಸಿಗುವುದಿಲ್ಲ; ಸೋಮವಾರಕ್ಕೆ ಮುಂದೂಡಿ ಎಂದರೆ ಕೆಲಸದ ದಿನ ಜನ ಸೇರುವುದಿಲ್ಲ. ಕೊನೆಗೆ ಅರ್ಜಿ ಮೊದಲು ಸ್ವೀಕರಿಸಿದವರಿಗೆ ಮೊದಲ ವೇಳೆ ಎಂಬ ನಿಯಮವನ್ನು ಇಬ್ಬರೂ ಒಪ್ಪಬೇಕಾಯಿತು. ಸ್ವೀಕೃತಿ ಮುದ್ರೆಯ ಮೇಲೆ ಠಾಣಾ ಬರಹಗಾರ ದಿನಾಂಕದ ಜೊತೆ ಗಂಟೆಯನ್ನೂ ಬರೆದಿದ್ದರಿಂದ ಅದಕ್ಕೆ ಎದುರು ಮಾತಿರಲಿಲ್ಲ. ಹೊರಗೆ ಕಳುಹಿಸಬೇಕೆನ್ನುವವರಿಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ, ಕಾಡಿಸಬೇಡಿ ಎನ್ನುವವರಿಗೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ಎಂದು ನಿಗದಿಯಾಯಿತು. ಎಲ್ಲರೂ ಎದ್ದು ನಿಲ್ಲುವಷ್ಟರಲ್ಲಿ, ಅಲ್ಲಿಯವರೆಗೆ ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ಜೀಪು ಚಾಲಕರೊಬ್ಬರು ಕೇಳಿದರು: "ಸಾರ್, ಇವರಿಗೂ ರಸ್ತೆ ಕೊಟ್ರಿ, ಅವರಿಗೂ ಕೊಟ್ರಿ. ಭಾನುವಾರ ಸಂತೆ ಅಲ್ವಾ? ಶನಿವಾರ ಬಟವಾಡೆ ಆದ ಲೈನ್‌ಮನೆಯವರು ಅಕ್ಕಿ, ಮೀನು ತಗೊಳ್ಳೋಕೆ ಇದೇ ರಸ್ತೆಗೆ ಬರ್ತಾರೆ. ನಾನು ಅವರನ್ನು ಎಲ್ಲಿ ಇಳಿಸಲಿ?"

ಆ ಸಭೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಅದೊಂದೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ವಲಸೆಯ ಬಗ್ಗೆ ಎರಡು ಗುಂಪುಗಳು ಬೀದಿಗಿಳಿದಾಗ ಪೊಲೀಸರ ಕಣ್ಣು ಆ ಎರಡು ಗುಂಪುಗಳ ಮೇಲೆಯೇ ನೆಟ್ಟಿರುತ್ತದೆ; ಯಾರ ಬಗ್ಗೆ ಆ ಮಾತೋ ಆ ಮೂರನೆಯ ಗುಂಪು ಯಾವ ಮೆರವಣಿಗೆಯಲ್ಲಿಯೂ ಇರುವುದಿಲ್ಲ, ಶಾಂತಿ ಸಭೆಗೂ ಬಂದಿರುವುದಿಲ್ಲ, ಆದರೆ ಅದೇ ಹೊತ್ತಿಗೆ ಅದೇ ಬೀದಿಯಲ್ಲಿ ಚೀಲ ಹಿಡಿದು ನಿಂತಿರುತ್ತದೆ. ಎದುರಾಳಿಗಳು ತಮ್ಮ ತಮ್ಮ ಮುಖಂಡರ ಹಿಡಿತದಲ್ಲಿರುತ್ತಾರೆ, ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಈ ಮೂರನೆಯವರಿಗೆ ಮುಖಂಡನೂ ಇಲ್ಲ, ಅವರ ಪರವಾಗಿ ಸಹಿ ಹಾಕುವವನೂ ಇಲ್ಲ.

ಬೆಳೆಗಾರರೊಬ್ಬರು ಆ ಪ್ರಶ್ನೆಗೆ ಪರಿಹಾರ ಅಲ್ಲಿಯೇ ಕೊಟ್ಟರು. "ಇನ್‌ಸ್ಪೆಕ್ಟ್ರೇ, ನಮ್ಮ ಲೈನಿನ ಗೇಟಿಗೆ ಆವತ್ತು ಬೀಗ ಹಾಕಿಬಿಡ್ತೇವೆ, ಒಬ್ಬರೂ ಹೊರಗೆ ಬರೋದಿಲ್ಲ." ಅದು ಸದುದ್ದೇಶದ ಮಾತೇ. ಆದರೆ ಯಾರನ್ನೂ ಹಾಗೆ ಕೂಡಿಹಾಕಲು ಕಾನೂನಿನಲ್ಲಿ ಅವಕಾಶವಿಲ್ಲ. ವಾರಕ್ಕೊಮ್ಮೆ ಸಿಗುವ ಸಂತೆಯನ್ನು, ಘೋಷಣೆ ಕೂಗದ, ಅರ್ಜಿ ಹಾಕದ ಜನರಿಂದಲೇ ಕಿತ್ತುಕೊಂಡರೆ ಬಂದೋಬಸ್ತು ಯಾರಿಗಾಗಿ ಎಂಬ ಪ್ರಶ್ನೆಯೂ ಬರುತ್ತದೆ. ಅದರ ಬದಲು ಎರಡು ಮೆರವಣಿಗೆಗಳ ನಡುವಿನ ಅವಧಿಯನ್ನು, ಅಂದರೆ ಹನ್ನೆರಡರಿಂದ ಎರಡರವರೆಗಿನ ಹೊತ್ತನ್ನು, ಸಂತೆಗೆ ಬಿಟ್ಟೆವು. ಜೀಪುಗಳು ಮುಖ್ಯರಸ್ತೆಗೆ ಬಾರದೆ ಹಿಂದಿನ ಮಣ್ಣು ರಸ್ತೆಯಿಂದ ಸಂತೆ ಮೈದಾನದ ಹಿಂಬದಿಗೆ ಬಂದು ಇಳಿಸಿ, ಅಲ್ಲಿಂದಲೇ ವಾಪಸು ಹತ್ತಿಸಿಕೊಳ್ಳಬೇಕು. ತೋಟದ ಲೆಕ್ಕ, ಹಾಜರಿ ನೋಡುವ ರೈಟರುಗಳಿಗೆ ಫೋನ್ ಮಾಡಿ ತಿಳಿಸಿದರೆ ಸಾಕಾಗುವುದಿಲ್ಲವೆಂದು, ಶುಕ್ರವಾರ ಸಂಜೆ ಗಸ್ತಿನ ಹೆಡ್ ಕಾನ್‌ಸ್ಟೇಬಲ್ ಒಬ್ಬರನ್ನು ಕರೆದುಕೊಂಡು ಮಫ್ತಿಯಲ್ಲಿ ಲೈನ್‌ಮನೆಗಳಿಗೇ ಹೋದೆ.

ಮಫ್ತಿಯಲ್ಲಿ ಹೋದರೂ ಗುರುತು ಸಿಗದೆ ಇರಲಿಲ್ಲ. ನಾವು ಬಂದದ್ದನ್ನು ಕಂಡೊಡನೆ ಪ್ರತಿ ಮನೆಯಿಂದ ಒಬ್ಬೊಬ್ಬರು ಪ್ಲಾಸ್ಟಿಕ್ ಕವರು ಹಿಡಿದು ಹೊರಗೆ ಬಂದು ಸಾಲಾಗಿ ನಿಂತರು. ಕವರಿನೊಳಗೆ ಆಧಾರ್, ಮತದಾರರ ಚೀಟಿ, ಕೆಲವರಲ್ಲಿ ಊರಿನ ಪಂಚಾಯಿತಿಯ ಪತ್ರ, ಒಬ್ಬ ಮಧ್ಯವಯಸ್ಕನ ಬಳಿ ಪೌರ ನೋಂದಣಿಯಲ್ಲಿ ತನ್ನ ಹೆಸರಿರುವ ಹಾಳೆಯ ಪ್ರತಿ; ಮಡಿಕೆಯ ಗೆರೆಗಳಲ್ಲಿ ಹರಿದದ್ದಕ್ಕೆ ಟೇಪು ಅಂಟಿಸಿ, ಅದರ ಮೇಲೆ ಲ್ಯಾಮಿನೇಷನ್ ಮಾಡಿಸಿದ್ದ. ನಾವು ದಾಖಲೆ ನೋಡಲು ಬಂದಿಲ್ಲವೆಂದು ರೈಟರು ಹಿಂದಿಯಲ್ಲಿ ಹೇಳಿದರೂ ಯಾರೂ ಸಾಲು ಬಿಡಲಿಲ್ಲ. ಪರಿಶೀಲನೆ ಮಾಡುವುದೂ ಅದೇ ಪೊಲೀಸರು, ಅವರ ಮೇಲೆ ಯಾರೂ ಕೈಮಾಡದಂತೆ ಕಾಯಬೇಕಾದವರೂ ಅದೇ ಪೊಲೀಸರು ಆಗಿರುವಾಗ ಅವರಿಗೆ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ? ಇದಾದ ಮೇಲೆ ಆ ವಾರವೆಲ್ಲ ದಾಖಲೆ ಪರಿಶೀಲನೆಯನ್ನು ನಿಲ್ಲಿಸಬೇಕೆಂದು ಮೇಲಧಿಕಾರಿಗಳನ್ನು ಕೇಳಿಕೊಂಡೆ. ಅದಕ್ಕೆ ಬೆಳಗಿನ ಗುಂಪಿನವರು ಮುನಿಸಿಕೊಂಡರು. ಆದರೆ ಪರಿಶೀಲನೆಯಿಂದ ತಕ್ಷಣ ತೀರ್ಮಾನವಾಗುವುದೇನೂ ಇರಲಿಲ್ಲ. ಆಧಾರ್ ಪೌರತ್ವಕ್ಕೆ ಪುರಾವೆಯಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಒಬ್ಬನ ಮೇಲೆ ನಿಜವಾಗಿ ಸಂಶಯವಿದ್ದರೆ ಅವನು ಕೊಟ್ಟ ವಿಳಾಸಕ್ಕೆ, ಅಲ್ಲಿನ ಪೊಲೀಸರಿಗೆ ಬರೆದು ಉತ್ತರ ತರಿಸಿಕೊಳ್ಳಬೇಕು. ಅದು ಕಾಗದದ ಮೇಲೆ ನಡೆಯುವ ನಿಧಾನದ ಕೆಲಸ, ಬೀದಿಯಲ್ಲಿ ಕಾರ್ಡು ಹಿಡಿದು ಬೆಳಕಿಗೆ ನೋಡಿ ಮುಗಿಸುವಂಥದ್ದಲ್ಲ.

ಷರತ್ತುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಅವು ಎಲ್ಲ ಕಡೆಯೂ ಒಂದೇ: ಧ್ವನಿವರ್ಧಕದ ಮಿತಿ, ಪ್ರತಿಕೃತಿ ದಹನ ಇಲ್ಲ, ದೇವಸ್ಥಾನ ಮಸೀದಿಗಳ ಮುಂದೆ ನಿಲ್ಲುವಂತಿಲ್ಲ, ಪ್ರತಿ ಗುಂಪಿನಿಂದ ತೋಳಪಟ್ಟಿ ಕಟ್ಟಿದ ಸ್ವಯಂಸೇವಕರು. ಕೊಡಗಿಗೆ ಮಾತ್ರ ಸಂಬಂಧಿಸಿದ್ದು ಒಂದಿದೆ. ಕೊಡವರಿಗೂ, ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಅದನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕೋವಿ ಇಲ್ಲಿ ಮನೆಯ ಗೌರವದ ವಸ್ತು, ಅದನ್ನು ಯಾರೂ ಬೀದಿ ಜಗಳಕ್ಕೆ ತರುವುದಿಲ್ಲವೆಂಬುದು ನನ್ನ ಅನುಭವ. ಆದರೂ ಕೊಯ್ಲಿನ ಕಾಲದಲ್ಲಿ ಆನೆಯ ಕಾಟಕ್ಕೆಂದು ಜೀಪಿನಲ್ಲಿ ಕೋವಿ ಇಟ್ಟುಕೊಂಡು ಓಡಾಡುವವರಿರುವುದರಿಂದ, ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನ ಕೆಳಗೆ ಆ ಒಂದು ದಿನ ಊರಿನ ಮಿತಿಯೊಳಗೆ ಆಯುಧ ಒಯ್ಯುವುದನ್ನು ಜಿಲ್ಲಾಧಿಕಾರಿಗಳಿಂದ ನಿಷೇಧಿಸಿಕೊಂಡೆವು. ಜನ ಸೇರುವುದನ್ನು ನಿಷೇಧಿಸಲಿಲ್ಲ, ಆಯುಧವನ್ನು ಮಾತ್ರ ನಿಷೇಧಿಸಿದೆವು. ಹಿರಿಯ ಕೊಡವರೇ ಅದನ್ನು ಒಪ್ಪಿ ತಮ್ಮ ಕಡೆಯವರಿಗೆ ತಿಳಿಸಿದರು.

ಶನಿವಾರ ಮಾರ್ಗವನ್ನು ಕಾಲ್ನಡಿಗೆಯಲ್ಲಿಯೇ ನೋಡಿದೆ. ಜೀಪಿನಲ್ಲಿ ಕುಳಿತು ನೋಡಿದವರಿಗೆ ರಸ್ತೆ ಕಾಣುತ್ತದೆ, ರಸ್ತೆಯ ಅಂಚು ಕಾಣುವುದಿಲ್ಲ. ಚರಂಡಿ ಕಾಮಗಾರಿಗೆಂದು ಗುತ್ತಿಗೆದಾರರು ಬ್ಯಾಂಕಿನ ಎದುರು ಸುರಿದಿದ್ದ ಜಲ್ಲಿಯ ರಾಶಿ ಮೊದಲು ಕಣ್ಣಿಗೆ ಬಿತ್ತು. ಮುಷ್ಟಿಗೆ ಸರಿಯಾಗಿ ಕೂರುವ ನಲವತ್ತು ಎಂಎಂ ಜಲ್ಲಿ. ಪಂಚಾಯಿತಿಯ ಟಿಪ್ಪರಿನಲ್ಲಿ ಅದನ್ನು ರಾತ್ರಿಯೇ ಸಾಗಿಸಿದೆವು. ಬಾರಿನ ಹಿಂದಿನ ಖಾಲಿ ಬಾಟಲಿಯ ಕ್ರೇಟುಗಳು, ಕಟ್ಟುತ್ತಿದ್ದ ಮಹಡಿಯ ಮೇಲಿನ ಸರಳುಗಳ ತುಂಡುಗಳು, ಎಲ್ಲವೂ ಹೋದವು. ಮದ್ಯದಂಗಡಿಗಳನ್ನು ಶನಿವಾರ ರಾತ್ರಿಯಿಂದ ಮುಚ್ಚುವ ಆದೇಶವೂ ಬಂತು.

ಭಾನುವಾರ ಬೆಳಿಗ್ಗೆ ಆರಕ್ಕೆ, ಇಬ್ಬನಿ ಇನ್ನೂ ಎದ್ದಿರಲಿಲ್ಲ, ಮೈಸೂರಿನಿಂದ ಬಂದ ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ತುಕಡಿ, ಮಡಿಕೇರಿಯ ಜಿಲ್ಲಾ ಸಶಸ್ತ್ರ ಮೀಸಲು ಪಡೆ (ಡಿಎಆರ್) ಮತ್ತು ಸುತ್ತಲಿನ ಠಾಣೆಗಳ ಸಿಬ್ಬಂದಿಯನ್ನು ಶಾಲೆಯ ಮೈದಾನದಲ್ಲಿ ನಿಲ್ಲಿಸಿ ಮಾತಾಡಿದೆ. ಸಿಬ್ಬಂದಿಗೂ ಈ ವಿಷಯದಲ್ಲಿ ಅಭಿಪ್ರಾಯವಿರುತ್ತದೆ, ಅವರೂ ಅದೇ ವಾಟ್ಸಾಪ್ ಓದುತ್ತಾರೆ. ಆದ್ದರಿಂದ ಹೇಳಿದ್ದಿಷ್ಟು: ಯಾವ ಘೋಷಣೆಗೂ ತಲೆಯಾಡಿಸಬೇಡಿ, ನಗಬೇಡಿ, ಯಾವ ಗುಂಪಿನವರಿಂದಲೂ ನೀರಿನ ಬಾಟಲಿಯನ್ನೂ ತೆಗೆದುಕೊಳ್ಳಬೇಡಿ, ಫೋಟೋ ಬಿದ್ದರೆ ಪೊಲೀಸರು ಅವರ ಕಡೆ ಎನ್ನುತ್ತಾರೆ. ತಿಂಡಿಯ ಪೊಟ್ಟಣಗಳು ಏಳೂವರೆಗೇ ಎಲ್ಲರ ಕೈ ಸೇರುವಂತೆ ನೋಡಿಕೊಂಡೆ. ಇದು ಚಿಕ್ಕ ಸಂಗತಿಯಲ್ಲ. ಹನ್ನೆರಡರವರೆಗೆ ಉಪ್ಪಿಟ್ಟು ಕಾಣದ ಪೇದೆಯ ಲಾಠಿ ಬೇಗ ಮೇಲೇಳುತ್ತದೆ.

ಬೆಳಗಿನ ಮೆರವಣಿಗೆ ನಾವು ಅಂದಾಜಿಸಿದ್ದಕ್ಕಿಂತ ದೊಡ್ಡದಾಗಿತ್ತು, ಆದರೆ ಶಿಸ್ತಿನಿಂದ ಸಾಗಿತು. ಘೋಷಣೆಗಳು ಕಟುವಾಗಿದ್ದವು, ಕೆಲವು ಮಾತುಗಳನ್ನು ವಿಡಿಯೋದವರಿಗೆ ಗುರುತು ಹಾಕಿಕೊಳ್ಳಲು ಹೇಳಿದೆ, ಅಲ್ಲಿಯೇ ತಡೆಯಲು ಹೋಗಲಿಲ್ಲ. ಮುನ್ನೂರು ಜನರ ನಡುವೆ ನುಗ್ಗಿ ಒಬ್ಬನ ಬಾಯಿ ಮುಚ್ಚಿಸಲು ಹೋದರೆ ಮುನ್ನೂರು ಬಾಯಿ ತೆರೆಯುತ್ತವೆ. ಮಾತು ಅಪರಾಧವಾಗಿದ್ದರೆ ಮಾರನೆಯ ದಿನವೂ ಅಪರಾಧವೇ. ಮೆರವಣಿಗೆ ಮುಗಿಯುವ ಜಾಗದಲ್ಲಿ ಮನವಿ ಸ್ವೀಕರಿಸಲು ತಹಶೀಲ್ದಾರರು ಹತ್ತೂಮುಕ್ಕಾಲಿಗೇ ಬಂದು ನಿಂತಿದ್ದರು. ಪ್ರತಿಭಟನೆಗಳು ಹದಗೆಡುವುದು ಬಹಳ ಸಲ ಈ ಘಟ್ಟದಲ್ಲಿಯೇ: ಭಾಷಣ ಮುಗಿದಿರುತ್ತದೆ, ಬಿಸಿಲು ಏರಿರುತ್ತದೆ, ಮನವಿ ತೆಗೆದುಕೊಳ್ಳಬೇಕಾದ ಅಧಿಕಾರಿ ಎಲ್ಲೋ ಇರುತ್ತಾರೆ, ಆಗ ಯಾರೋ ಒಬ್ಬರು ರಸ್ತೆಯಲ್ಲೇ ಕುಳಿತುಬಿಡೋಣ ಎನ್ನುತ್ತಾರೆ. ಆ ದಿನ ಹನ್ನೊಂದೂಕಾಲರ ಹೊತ್ತಿಗೆ ಮನವಿ ಕೈ ಬದಲಾಯಿತು, ಜನ ಕರಗತೊಡಗಿದರು.

ಪೂರ್ತಿ ಕರಗಲಿಲ್ಲ. ಸುಮಾರು ನೂರು ಜನ ಯುವಕರು ಹೋಟೆಲುಗಳ ಮುಂದೆ ಕಾಫಿ ಕುಡಿಯುತ್ತ ಉಳಿದುಕೊಂಡಿದ್ದರು. ಹನ್ನೆರಡೂವರೆಯ ಸುಮಾರಿಗೆ ಸಂತೆ ಮೈದಾನದ ಹಿಂಬದಿಯಲ್ಲಿ, ಜೀಪಿನಿಂದ ಇಳಿದ ಒಬ್ಬ ಕಾರ್ಮಿಕನ ಗೋಣಿಚೀಲವನ್ನು ತಪಾಸಣೆಯಲ್ಲಿದ್ದ ಪೇದೆ ತೆರೆಸಿದಾಗ ಅದರಲ್ಲಿ ಮೂರು ಕತ್ತಿಗಳಿದ್ದವು. ತೋಟದಲ್ಲಿ ಕೆಲಸ ಗೊತ್ತಿದ್ದವರಿಗೆ ಅದರಲ್ಲಿ ವಿಶೇಷವಿಲ್ಲ. ಕಾಡು ಕಡಿಯುವ, ಮರಗಸಿಗೆ ಅಂದರೆ ಕೊಂಬೆ ಸವರುವುದಕ್ಕೆ ಬಳಸುವ ಕತ್ತಿಗಳನ್ನು ಹದ ಹಾಕಿಸಲು ಸಂತೆಯ ದಿನ ಕಮ್ಮಾರನ ಬಳಿಗೆ ತರುವುದು ವಾಡಿಕೆ. ಮೂರರ ಹಿಡಿಯ ಮೇಲೂ ತೋಟದ ಗುರುತಿನ ಅಕ್ಷರ ಸುಟ್ಟು ಬರೆದಿತ್ತು. ಆದೇಶದ ಪ್ರಕಾರ ಪೇದೆ ಅವನ್ನು ಪಕ್ಕಕ್ಕಿಟ್ಟು ರಸೀದಿ ಬರೆಯುತ್ತಿದ್ದ. ಅಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಹನ್ನೆರಡು ಸೆಕೆಂಡಿನ ವಿಡಿಯೋ, ಕತ್ತಿ ಹಿಡಿದ ನುಸುಳುಕೋರ ಸೆರೆ ಎಂಬ ಒಕ್ಕಣೆಯೊಂದಿಗೆ ಹೋಟೆಲಿನ ಮುಂದಿದ್ದವರಿಗೆ ತಲುಪಿತು. ಅದೇ ವಿಡಿಯೋ ಮಧ್ಯಾಹ್ನದ ಗುಂಪಿನವರಿಗೆ, ಪೊಲೀಸರಿಂದ ಅಮಾಯಕ ಕೂಲಿಗೆ ಥಳಿತ ಎಂಬ ಬೇರೆ ಒಕ್ಕಣೆಯೊಂದಿಗೆ ತಲುಪಿತು. ಅವರಲ್ಲಿ ಕೆಲವರು ವೇಳೆಗೆ ಮುಂಚೆಯೇ ಬಂದು ಬಸ್ ನಿಲ್ದಾಣದಲ್ಲಿ ಕುಳಿತಿದ್ದರು.

ವೈರ್‌ಲೆಸ್‌ನಲ್ಲಿ ಎರಡು ದಿಕ್ಕಿನಿಂದಲೂ ಚಲನೆ ಎಂಬ ಸಂದೇಶ ಬಂದಾಗ ನಾನು ಮೈದಾನದ ಮೇಲಿನ ತಿರುವಿನಲ್ಲಿದ್ದೆ. ಎರಡು ಗುಂಪುಗಳೂ ಸಂತೆಯ ಕಡೆಗೇ ಬರುತ್ತಿದ್ದವು, ಸಂತೆಯ ಒಳಗೆ ಆ ಹೊತ್ತಿಗೆ ಅವರಿಬ್ಬರಿಗಿಂತ ಹೆಚ್ಚು ಜನ ಅಕ್ಕಿ, ಒಣಮೀನು, ಪ್ಲಾಸ್ಟಿಕ್ ಬಕೆಟ್ಟು ಹಿಡಿದು ನಿಂತಿದ್ದರು, ಹೆಂಗಸರೂ ಮಕ್ಕಳೂ ಸೇರಿ. ಕೆಎಸ್‌ಆರ್‌ಪಿಯ ಅರ್ಧ ತುಕಡಿಯನ್ನು ಮೈದಾನದ ಮೇಲಿನ ಗೇಟಿಗೆ, ಇನ್ನರ್ಧವನ್ನು ಬಸ್ ನಿಲ್ದಾಣದ ಕಡೆಯ ಮೆಟ್ಟಿಲಿಗೆ ಕಳುಹಿಸಿ, ಹಗ್ಗ ಹಿಡಿದು ಅಡ್ಡ ನಿಲ್ಲಲು ಹೇಳಿದೆ. ಲಾಠಿ ಕೆಳಗೇ ಇರಲಿ ಎಂದೂ ಸೇರಿಸಿದೆ. ಗುಂಪನ್ನು ಚದುರಿಸುವುದು ಆಗ ಸುಲಭದ ದಾರಿಯಾಗಿ ಕಾಣುತ್ತಿತ್ತು. ಐದು ಅಥವಾ ಹೆಚ್ಚು ಜನರ ಗುಂಪು ಶಾಂತಿ ಕದಡುವ ಸಂಭವವಿದ್ದರೆ ಚದುರಲು ಆಜ್ಞಾಪಿಸುವ, ಕೇಳದಿದ್ದರೆ ಬಲ ಬಳಸುವ ಅಧಿಕಾರವನ್ನು ಹೊಸ ಸಂಹಿತೆಯ 148ನೇ ಕಲಂ ಕೊಡುತ್ತದೆ, ತಹಶೀಲ್ದಾರರೂ ಪಕ್ಕದಲ್ಲೇ ಇದ್ದರು. ಆದರೆ ಆ ಇಳಿಜಾರಿನಲ್ಲಿ ಮೇಲಿನಿಂದ ಲಾಠಿ ಬೀಸಿದರೆ ಜನ ಓಡುವುದು ಕೆಳಗಿನ ಸಂತೆಯೊಳಕ್ಕೇ. ಚದುರಿಸುವ ಮೊದಲು ಚದುರಿದವರು ಹೋಗುವುದೆಲ್ಲಿಗೆ ಎಂದು ನೋಡಬೇಕು.

ಮೆಗಾಫೋನಿನಲ್ಲಿ ಎಚ್ಚರಿಕೆ ಕೊಟ್ಟೆವು. ಅದರ ಜೊತೆಗೇ ಎರಡೂ ಕಡೆಯ ಮುಖಂಡರ ಹೆಸರು ಹಿಡಿದು ಕರೆದು, ಮುಚ್ಚಳಿಕೆಗೆ ಸಹಿ ಹಾಕಿದವರು ಬಂದು ಕತ್ತಿಯನ್ನೂ ಮನುಷ್ಯನನ್ನೂ ಕಣ್ಣಾರೆ ನೋಡಬಹುದು ಎಂದು ಕೂಗಿ ಹೇಳಿಸಿದೆ. ಇಬ್ಬಿಬ್ಬರು ಬಂದರು. ಆ ಹೊತ್ತಿಗೆ ತೋಟದ ಯಜಮಾನರೂ ಬಂದು ಮುಟ್ಟಿದ್ದರು. ಎಪ್ಪತ್ತು ದಾಟಿದ ಹಿರಿಯರು. ಅವರು ನನ್ನೊಡನೆ ಮಾತಾಡದೆ ನೇರವಾಗಿ ಬೆಳಗಿನ ಗುಂಪಿನ ಮುಖಂಡನ ಬಳಿಗೆ ಹೋದರು, ಅವನು ಅವರ ಪರಿಚಿತರ ಮಗನೇ. "ಏನಪ್ಪ, ಕಳೆದ ವರ್ಷ ನಿಮ್ಮ ತೋಟದ ಮರಗಸಿಗೆ ಇದೇ ಕತ್ತಿ ಅಲ್ವಾ ನನ್ನ ಹತ್ರ ಇಸ್ಕೊಂಡು ಹೋದದ್ದು? ಹಿಡಿ ನೋಡು" ಎಂದರು. ಅವನು ಹಿಡಿಯ ಮೇಲಿನ ಅಕ್ಷರ ನೋಡಿದ. ಮಾತು ಮುಂದುವರಿಸಲು ಅವನಿಗೆ ಏನೂ ಉಳಿಯಲಿಲ್ಲ. ಇನ್ನೊಂದು ಕಡೆಯ ವಕೀಲರು ಆ ಕಾರ್ಮಿಕನ ಅಂಗಿ ಎತ್ತಿಸಿ ಮೈಮೇಲೆ ಪೆಟ್ಟಿನ ಗುರುತಿದೆಯೇ ಎಂದು ಪರೀಕ್ಷಿಸಿದರು, ಅವನಿಂದಲೇ ಕೇಳಿ ತಿಳಿದರು, ತಮ್ಮವರಿಗೆ ಫೋನಿನಲ್ಲಿ ಹೇಳಿದರು.

ಮುಖಂಡರು ಹಿಂದಿರುಗಿ ತಮ್ಮವರಿಗೆ ತಿಳಿಸುವಷ್ಟರಲ್ಲಿ ಮೇಲಿನ ಗೇಟಿನಿಂದ ಒಂದೆರಡು ಎಳನೀರಿನ ಬುರುಡೆಗಳು ತೂರಿ ಬಂದು, ಒಂದು ಜೀಪಿನ ಮುಂದಿನ ಗಾಜು ಸೀಳಿತು, ಚಾಲಕನ ಕಣ್ಣಿನ ಬಳಿ ಗಾಯವಾಯಿತು. ಜಲ್ಲಿ, ಬಾಟಲಿ, ಸರಳುಗಳನ್ನೆಲ್ಲ ಸಾಗಿಸಿದ್ದ ಊರಿನಲ್ಲಿ ಎಳನೀರು ಮಾರುವುದನ್ನು ಯಾವ ಆದೇಶವೂ ತಡೆದಿರಲಿಲ್ಲ. ಎಸೆದ ಇಬ್ಬರನ್ನು ಅವರ ಗುಂಪಿನ ಸ್ವಯಂಸೇವಕರೇ ಹಿಡಿದುಕೊಟ್ಟರು. ಬಲ ಪ್ರಯೋಗಿಸದೆ ಎರಡೂ ಗುಂಪುಗಳನ್ನು ಬಂದ ದಿಕ್ಕಿಗೇ ಹಿಂದೆ ಸರಿಸಲು ಸುಮಾರು ನಲವತ್ತು ನಿಮಿಷ ಹಿಡಿಯಿತು.

ಮಧ್ಯಾಹ್ನದ ಮೆರವಣಿಗೆಯನ್ನು ರದ್ದು ಮಾಡಬೇಕೆಂಬ ಒತ್ತಡ ಬಂತು. ಬೆಳಗಿನವರ ಕಡೆಯಿಂದ ಬುರುಡೆ ಎಸೆತ ನಡೆದಿದ್ದಕ್ಕೆ ಮಧ್ಯಾಹ್ನದವರ ಅನುಮತಿ ಕಿತ್ತುಕೊಳ್ಳುವುದು ಯಾವ ನ್ಯಾಯವೆಂದು ನಾನು ಒಪ್ಪಲಿಲ್ಲ. ತಡೆಯಬೇಕಾದದ್ದು ಗಲಭೆ ಎಬ್ಬಿಸುವವರನ್ನು. ಅರ್ಧ ಗಂಟೆ ತಡವಾಗಿ, ಮೂರೂವರೆಗೆ ಅದು ಹೊರಟಿತು, ಚಿಕ್ಕದಾಗಿತ್ತು, ಐದಕ್ಕೆ ಮನವಿ ಕೊಟ್ಟು ಮುಗಿಯಿತು. ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ, ಬಂದೋಬಸ್ತಿನಲ್ಲಿ ಅದಕ್ಕಿಂತ ಒಳ್ಳೆಯ ವರದಿಯೂ ಇಲ್ಲ.

ಸಂಜೆ ಎರಡು ಪ್ರಕರಣ ದಾಖಲಿಸಿದೆವು: ಒಂದು ಜೀಪಿನ ಗಾಜು ಮತ್ತು ಗಾಯಕ್ಕೆ ಸಂಬಂಧಿಸಿದ್ದು, ಇನ್ನೊಂದು ಸುಳ್ಳು ಒಕ್ಕಣೆಯ ವಿಡಿಯೋ ಹರಡಿದ್ದಕ್ಕೆ, ಅದರಲ್ಲಿ ಎರಡೂ ಕಡೆಯವರು ಆರೋಪಿಗಳು. ವಾರದೊಳಗೆ ಎರಡೂ ಸಂಘಟನೆಗಳ ಮುಖಂಡರು ಬೇರೆ ಬೇರೆಯಾಗಿ ಬಂದು ವಿಡಿಯೋ ಪ್ರಕರಣವನ್ನು ಕೈಬಿಡಬೇಕೆಂದು ಕೇಳಿದರು. ಆ ಒಂದು ಬೇಡಿಕೆಯಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಕತ್ತಿಗಳನ್ನು ಸೋಮವಾರ ರಸೀದಿ ಪಡೆದು ತೋಟಕ್ಕೆ ಹಿಂದಿರುಗಿಸಿದೆವು, ಹದ ಹಾಕಿಸದೆ. ದಾಖಲೆ ಪರಿಶೀಲನೆ ಮುಂದಿನ ತಿಂಗಳು ಮತ್ತೆ ಶುರುವಾಯಿತು. ಈ ಸಲ ಕಾರ್ಮಿಕರನ್ನು ಠಾಣೆಗೆ ಕರೆಸಲಿಲ್ಲ. ಕಾರ್ಮಿಕ ಇಲಾಖೆಯವರ ಜೊತೆ ತೋಟದ ಕಚೇರಿಗೇ ಹೋಗಿ, ರೈಟರ ಹಾಜರಿ ಪುಸ್ತಕದೊಂದಿಗೆ ಹೆಸರು ತಾಳೆ ನೋಡಿ, ವಿಳಾಸಗಳನ್ನು ಅವರವರ ಜಿಲ್ಲೆಗಳಿಗೆ ಬರೆದು ಕಳುಹಿಸಿದೆವು. ಕೆಲವು ಪತ್ರಗಳಿಗೆ ಉತ್ತರ ನಾನು ನಿವೃತ್ತನಾಗುವ ಹೊತ್ತಿಗೆ ಬಂದಿತ್ತು, ಉಳಿದವನ್ನು ನನ್ನ ನಂತರ ಬಂದವರಿಗೆ ಕಡತದ ಸಮೇತ ಒಪ್ಪಿಸಿದೆ.